ಹಳ್ಳಿಯ ಚಿತ್ರ ಗೋಡೆಗೆ, ಹಳ್ಳಿಗ ಬೀದಿಗೆ: ‘ಅಪ್ಪಟ ಇಂಗ್ಲಿಷ್’ ಎಂಬ ಬೊಗಳೆ

ಹೋದ ವಾರ ನಮ್ಮ ವಾಟ್ಸಾಪ್ ಗುಂಪಿಗೆ ಒಂದು ವಿಡಿಯೊ ಬಂತು. ಇಂಗ್ಲೆಂಡಿನ ಯಾವುದೋ ಊರಿನ ಬೀದಿ. ಒಂದಕ್ಕೊಂದು ಅಂಟಿಕೊಂಡ ಸಾಲು ಮನೆಗಳು. ಲೈಟು ಕಂಬ ಕಂಬಕ್ಕೂ ಬಾವುಟ, ಬಿಳಿ ಬಟ್ಟೆ ಮೇಲೆ ಕೆಂಪು ಶಿಲುಬೆ. ಕೆಳಗೆ ಯಾರೋ ಕನ್ನಡದಲ್ಲಿ ಬರೆದಿದ್ದರು: ‘ಇದಪ್ಪಾ ದೇಶಪ್ರೇಮ ಅಂದ್ರೆ. ನೋಡಿ ಕಲೀರಿ.’

ಅದರ ಬೆನ್ನಿಗೇ ಓದುಗರೊಬ್ಬರ ವಾಯ್ಸ್ ಮೆಸೇಜು. “ಅಣ್ಣೋ, ಏನೇ ಹೇಳಿ, ಇಂಗ್ಲಿಷ್‌ನೋರು ಅಂದ್ರೆ ಒಂದೇ ಜನ ಕಣಣ್ಣ. ಒಂದು ಭಾಷೆ, ಒಂದು ಧರ್ಮ, ಒಬ್ಬ ರಾಜ. ನಮ್ಮಂಗೆ ಕಲಸುಮೇಲೋಗರ ಅಲ್ಲ. ಅದ್ಕೇ ಪ್ರಪಂಚ ಆಳುದ್ರು. ಪೇಪರ್‌ನೋರು ನೀವು, ಇದ್ನ ಬರೀರಿ.”

ಬರೀತಿದ್ದೀವಿ. ಆದರೆ ಅವರು ಕೇಳಿದ್ದನ್ನಲ್ಲ.

ನಮ್ಮ ಮಾತು ಇಷ್ಟೇ. ‘ಅಪ್ಪಟ ಇಂಗ್ಲಿಷ್’ ಎಂಬುದೊಂದು ಯಾವ ಕಾಲಕ್ಕೂ ಇರಲಿಲ್ಲ. ಇಂಗ್ಲಿಷರ ಗುರುತು ಎಂದು ಇವತ್ತು ಮಾರಾಟವಾಗುವ ಚಿತ್ರ ಹಳ್ಳಿಯ ಚಿತ್ರ. ಆ ಚಿತ್ರ ಬರೆಯುವ ಹೊತ್ತಿಗೆ ಹಳ್ಳಿಗನನ್ನು ಅವನ ನೆಲದಿಂದ ಓಡಿಸಿ ಆಗಿತ್ತು. ಈ ಎರಡು ಮಾತು ನಮ್ಮ ಹಳ್ಳಿಗಳ ಓದುಗರಿಗೆ ಗೊತ್ತಿರಬೇಕು. ಯಾಕೆ ಅನ್ನೋದು ಓದುತ್ತಾ ನಿಮಗೇ ತಿಳಿಯುತ್ತದೆ.

ನಾವು ಕಂಡ ‘ಇಂಗ್ಲಿಷರು’ ಯಾರು?

ಶ್ರೀರಂಗಪಟ್ಟಣದಿಂದಲೇ ಶುರು ಮಾಡೋಣ. 1799ರ ಮೇ 4ರಂದು ಕೋಟೆ ಬಿತ್ತು, ಟಿಪ್ಪು ಸುಲ್ತಾನ್ ಸತ್ತ. ಶಾಲೆಯಲ್ಲಿ ನಾವೆಲ್ಲ ಓದಿದ್ದು ‘ಇಂಗ್ಲಿಷರು ಗೆದ್ದರು’ ಅಂತ. ಕೋಟೆಗೆ ನುಗ್ಗಿದ ದಳದ ಮುಂದಾಳು ಡೇವಿಡ್ ಬೇರ್ಡ್. ಅವನು ಸ್ಕಾಟ್ಲೆಂಡಿನವನು. ಗೆದ್ದ ಮೇಲೆ ಪಟ್ಟಣದ ಉಸ್ತುವಾರಿ ಹೊತ್ತ ಆರ್ಥರ್ ವೆಲ್ಲೆಸ್ಲಿ ಹುಟ್ಟಿದ್ದು ಐರ್ಲೆಂಡಿನ ಡಬ್ಲಿನ್‌ನಲ್ಲಿ. ಮುಂದೆ ನೆಪೋಲಿಯನ್‌ನನ್ನು ಸೋಲಿಸಿ ‘ಇಂಗ್ಲೆಂಡಿನ ವೀರ’ ಅನ್ನಿಸಿಕೊಂಡವನು ಇವನೇ. ಮೈಸೂರು ಸೀಮೆಯನ್ನು ಅಳೆದು ನಕ್ಷೆ ಬರೆದ ಕಾಲಿನ್ ಮೆಕೆಂಜಿ ಸ್ಕಾಟ್ಲೆಂಡಿನ ಒಂದು ದ್ವೀಪದವನು. ಬಳ್ಳಾರಿ ಕಡೆ ಕಲೆಕ್ಟರ್ ಆಗಿದ್ದ ಥಾಮಸ್ ಮನ್ರೊ ಗ್ಲಾಸ್ಗೊದವನು, ಅದೂ ಸ್ಕಾಟ್ಲೆಂಡೇ. ಬೆಂಗಳೂರಿನಲ್ಲಿ ಪಾರ್ಕಿಗೆ ಹೆಸರು ಕೊಟ್ಟ ಮಾರ್ಕ್ ಕಬ್ಬನ್ ಐಲ್ ಆಫ್ ಮ್ಯಾನ್ ಎಂಬ ಪುಟ್ಟ ದ್ವೀಪದವನು. ಆ ದ್ವೀಪ ಇವತ್ತಿಗೂ ಇಂಗ್ಲೆಂಡಿಗೂ ಸೇರಿಲ್ಲ, ಬ್ರಿಟನ್ನಿನ ಸಂಯುಕ್ತ ರಾಜ್ಯಕ್ಕೂ ಸೇರಿಲ್ಲ. ಇನ್ನು ಆ ಯುದ್ಧದಲ್ಲಿ ಕಂಪನಿ ಪರವಾಗಿ ಕಾದಾಡಿದ ಸಿಪಾಯಿಗಳಲ್ಲಿ ಹೆಚ್ಚಿನವರು ಯಾರು? ನಮ್ಮ ದೇಶದವರೇ. ಜೊತೆಗೆ ನಿಜಾಮನ ಸೈನ್ಯವೂ ಇತ್ತು.

‘ಒಂದೇ ಜನ’ ಎಲ್ಲಿ ಬಂತು ಇಲ್ಲಿ? ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್, ಉತ್ತರ ಐರ್ಲೆಂಡ್, ಈ ನಾಲ್ಕು ಸೇರಿದ್ದು ಇವತ್ತಿನ ಸಂಯುಕ್ತ ರಾಜ್ಯ. ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡ್ ಒಂದೇ ಪಾರ್ಲಿಮೆಂಟಿನ ಕೆಳಗೆ ಬಂದದ್ದೇ 1707ರಲ್ಲಿ. ನಾವು ನಾಲ್ಕನ್ನೂ ಕಟ್ಟಿ ‘ಇಂಗ್ಲಿಷರು’ ಅನ್ನುತ್ತೇವೆ. ಸ್ಕಾಟ್ಲೆಂಡಿನವನ ಎದುರು ಹಾಗಂದು ನೋಡಿ, ಮಂಡ್ಯದವನನ್ನು ‘ನೀನು ಮೈಸೂರೋನಲ್ವಾ’ ಅಂದರೆ ಬರುವ ಸಿಟ್ಟಿನ ಹತ್ತರಷ್ಟು ಬರುತ್ತದೆ.

ಕೊಟ್ಟಿಗೆಯಲ್ಲಿ ಒಂದು ಹೆಸರು, ತಟ್ಟೆಯಲ್ಲಿ ಇನ್ನೊಂದು

ಸರಿ, ಬರೀ ಇಂಗ್ಲೆಂಡನ್ನೇ ತಗೊಳ್ಳೋಣ. ಆ ಹೆಸರು ಬಂದಿದ್ದೇ ಆಂಗ್ಲರಿಂದ. ಆಂಗ್ಲರು, ಸ್ಯಾಕ್ಸನ್ನರು ಐದನೇ ಶತಮಾನದ ಹೊತ್ತಿಗೆ ಇವತ್ತಿನ ಜರ್ಮನಿ, ಡೆನ್ಮಾರ್ಕ್ ಕಡೆಯಿಂದ ದೋಣಿಯಲ್ಲಿ ಬಂದು ನೆಲೆಸಿದವರು. ಅಂದರೆ ಇಂಗ್ಲೆಂಡಿಗೆ ಹೆಸರು ಕೊಟ್ಟವರೇ ವಲಸಿಗರು. ಅವರಾದ ಮೇಲೆ ಉತ್ತರದ ವೈಕಿಂಗರು ಬಂದರು. 1066ರಲ್ಲಿ ಫ್ರಾನ್ಸಿನ ನಾರ್ಮಂಡಿಯಿಂದ ವಿಲಿಯಂ ಬಂದು ಗೆದ್ದ.

ಗೆದ್ದವರ ಮಾತು ಫ್ರೆಂಚ್. ಅರಮನೆ, ಕೋರ್ಟು, ಜಮೀನ್ದಾರರ ಮನೆ, ಎಲ್ಲೆಲ್ಲೂ ಫ್ರೆಂಚ್. ಇಂಗ್ಲಿಷ್ ಯಾರದ್ದು? ಉಳುವವರದ್ದು, ದನ ಕಾಯುವವರದ್ದು. ಇದರ ಗುರುತು ಇವತ್ತಿಗೂ ಆ ಭಾಷೆಯ ಮೈಮೇಲಿದೆ. ಕೊಟ್ಟಿಗೆಯಲ್ಲಿ ಕಟ್ಟಿರುವಾಗ ಅದು ‘ಕೌ’, ದೊಡ್ಡವರ ತಟ್ಟೆಗೆ ಬಂದಾಗ ‘ಬೀಫ್’. ಮೇಯುವಾಗ ‘ಶೀಪ್’, ಬೆಂದ ಮೇಲೆ ‘ಮಟನ್’. ಹಟ್ಟಿಯಲ್ಲಿ ‘ಪಿಗ್’, ಊಟಕ್ಕೆ ‘ಪೋರ್ಕ್’. ಸಾಕಿದವನ ಮಾತಲ್ಲಿ ಪ್ರಾಣಿಯ ಹೆಸರು, ತಿಂದವನ ಮಾತಲ್ಲಿ ಬಾಡಿನ ಹೆಸರು.

1362ರಲ್ಲಿ ಒಂದು ಕಾನೂನು ಬಂತು. ಕೋರ್ಟಿನಲ್ಲಿ ಏನು ನಡೀತಿದೆ ಅಂತ ಜನಕ್ಕೆ ಅರ್ಥ ಆಗುತ್ತಿಲ್ಲ, ಇನ್ನು ಮುಂದೆ ವಾದ ಇಂಗ್ಲಿಷಿನಲ್ಲಿ ಆಗಲಿ ಅಂತ. ಆ ಕಾನೂನನ್ನು ಬರೆದದ್ದು ಫ್ರೆಂಚಿನಲ್ಲಿ! ‘ಕನ್ನಡ ಬಳಸಿ’ ಅನ್ನೋ ಸುತ್ತೋಲೆ ಇಂಗ್ಲಿಷಿನಲ್ಲಿ ಬಂದ ಹಾಗೆ. 1399ರಲ್ಲಿ ನಾಲ್ಕನೇ ಹೆನ್ರಿ ಇಂಗ್ಲಿಷಿನಲ್ಲೇ ಮಾತಾಡಿ ಸಿಂಹಾಸನ ಕೇಳಿದ. ರಾಜನೊಬ್ಬ ಜನರ ಭಾಷೆಯಲ್ಲಿ ಪಟ್ಟ ಕೇಳುವುದಕ್ಕೆ ಮುನ್ನೂರು ವರ್ಷದ ಮೇಲೆ ಬೇಕಾಯಿತು.

ಇವತ್ತು ನಮ್ಮ ತಾಲ್ಲೂಕಿನ ಕಚೇರಿಗಳಲ್ಲಿ ಇಂಗ್ಲಿಷ್ ಬಾರದ ರೈತ ಕೈಕಟ್ಟಿ ನಿಲ್ಲುತ್ತಾನೆ. ಒಂದು ಕಾಲಕ್ಕೆ ಇಂಗ್ಲಿಷ್ ಮಾತಾಡುವ ರೈತ ಅವನ ಊರಿನ ಕೋರ್ಟಿನಲ್ಲೇ ಹೀಗೆ ನಿಂತಿದ್ದ. ಇಂಗ್ಲಿಷ್ ಹುಟ್ಟಾ ದೊಡ್ಡ ಭಾಷೆ, ಕನ್ನಡ ಹುಟ್ಟಾ ಸಣ್ಣ ಭಾಷೆ ಅನ್ನುವವರಿಗೆ ಇದೊಂದೇ ಉತ್ತರ ಸಾಕು.

ಸಂತ ಯಾರೂರಿನವನು? ರಾಜ ಯಾರೂರಿನವನು?

ಆ ಕೆಂಪು ಶಿಲುಬೆಯ ಬಾವುಟ ಸಂತ ಜಾರ್ಜ್‌ನದ್ದು, ಇಂಗ್ಲೆಂಡಿನ ರಕ್ಷಕ ಸಂತ. ಅವನ ಕಥೆ ಹೇಳುವವರು ಅವನ ಮೂಲವನ್ನು ಇವತ್ತಿನ ಟರ್ಕಿಗೂ ಪ್ಯಾಲೆಸ್ಟೀನಿಗೂ ಜೋಡಿಸುತ್ತಾರೆ. ಇಂಗ್ಲೆಂಡಿನ ನೆಲ ಮೆಟ್ಟಿದವನೇ ಅಲ್ಲ. ಅವನು ಇಥಿಯೋಪಿಯಕ್ಕೂ ಬೇಕಾದವನು, ಜಾರ್ಜಿಯ ದೇಶಕ್ಕೂ ಬೇಕಾದವನು. ವಲಸೆ ಬಂದವರನ್ನು ‘ವಾಪಸ್ ಹೋಗಿ’ ಅನ್ನುವವರು ಕೈಯಲ್ಲಿ ಹಿಡಿದಿರುವುದು ಪಶ್ಚಿಮ ಏಷ್ಯಾದ ಒಬ್ಬ ಸಂತನ ಬಾವುಟ.

ರಾಜರ ಕಥೆಯೂ ಅಷ್ಟೆ. 1714ರಲ್ಲಿ ಪಟ್ಟಕ್ಕೆ ಬಂದ ಮೊದಲನೇ ಜಾರ್ಜ್ ಜರ್ಮನಿಯ ಹ್ಯಾನೋವರಿನವನು, ಇಂಗ್ಲಿಷ್ ಅಷ್ಟಕ್ಕಷ್ಟೆ. ಈಗಿನ ರಾಜಮನೆತನದ ಹೆಸರು ‘ವಿಂಡ್ಸರ್’ ಆದದ್ದು 1917ರಲ್ಲಿ. ಆಗ ಜರ್ಮನಿ ಜೊತೆ ಯುದ್ಧ ನಡೀತಿತ್ತು, ಮನೆತನದ ಜರ್ಮನ್ ಹೆಸರು ಮುಜುಗರ ತಂತು, ಬದಲಾಯಿಸಿದರು. ಇಂಗ್ಲಿಷರ ಪುರಾಣ ಪುರುಷ ಆರ್ಥರ್ ರಾಜ? ಕಥೆಯ ಪ್ರಕಾರ ಅವನು ಕಾದಾಡಿದ್ದೇ ಹೊರಗಿಂದ ಬಂದ ಸ್ಯಾಕ್ಸನ್ನರ ಮೇಲೆ, ಅಂದರೆ ಇಂಗ್ಲಿಷರ ಪೂರ್ವಜರ ಮೇಲೆ.

ಇದನ್ನೆಲ್ಲ ನಾವು ಕಂಡುಹಿಡಿದಿದ್ದಲ್ಲ. ‘ರಾಬಿನ್ಸನ್ ಕ್ರೂಸೊ’ ಬರೆದ ಡೇನಿಯಲ್ ಡಿಫೊ 1701ರಲ್ಲೇ ಒಂದು ಉದ್ದನೆಯ ವ್ಯಂಗ್ಯ ಪದ್ಯ ಬರೆದ. ಆಗ ಸಿಂಹಾಸನದ ಮೇಲಿದ್ದವನು ಹಾಲೆಂಡಿನಿಂದ ಬಂದ ರಾಜ. ‘ಇವನು ಪರದೇಶಿ’ ಅಂತ ಮೂಗು ಮುರಿದವರಿಗೆ ಡಿಫೊ ಅವರ ವಂಶಾವಳಿಯನ್ನೇ ಬಿಚ್ಚಿಟ್ಟ. ಬಂದವರು ಹೋದವರೆಲ್ಲ ಸೇರಿ ಆದ ಜನ ನೀವು, ಅಪ್ಪಟತನದ ಮಾತು ನಿಮಗೆ ಯಾಕೆ ಅನ್ನುವುದು ಅದರ ತಿರುಳು. ಜನ ಕೊಂಡು ಓದಿದರು, ನಕ್ಕರು. ಆದರೂ ಬುದ್ಧಿ ಬರಲಿಲ್ಲ.

ಗೋಮಾಳ ಹೋಯಿತು, ಚಿತ್ರ ಉಳಿಯಿತು

ಈಗ ಹಳ್ಳಿಯ ವಿಷಯಕ್ಕೆ ಬರೋಣ. ನಮಗೆ ಹೊಟ್ಟೆ ಉರಿಯುವುದು ಇಲ್ಲೇ.

ಇಂಗ್ಲೆಂಡ್ ಅಂದರೆ ಏನು ಅಂತ ಅಲ್ಲಿನ ದೊಡ್ಡವರನ್ನು ಕೇಳಿ. ಹಸಿರು ಬಯಲು, ಬೇಲಿ ಸಾಲು, ಕಲ್ಲಿನ ಚರ್ಚು, ಹುಲ್ಲು ಛಾವಣಿಯ ಮನೆ, ಊರ ಮುಂದಿನ ಅಂಗಳದಲ್ಲಿ ಕ್ರಿಕೆಟ್. 1924ರಲ್ಲಿ ಸ್ಟ್ಯಾನ್ಲಿ ಬಾಲ್ಡ್ವಿನ್ ಎಂಬ ರಾಜಕಾರಣಿ ಒಂದು ಭಾಷಣ ಮಾಡಿದ. ಹಳ್ಳಿಗಾಡೇ ಇಂಗ್ಲೆಂಡು ಅಂದ. ಕಮ್ಮಾರನ ಕುಲುಮೆಯ ಸದ್ದು, ಬೆಳಗಿನ ಹೊತ್ತು ಹುಲ್ಲು ಮಸೆಯುವ ಕುಡುಗೋಲಿನ ಸದ್ದು, ದಿಬ್ಬ ಹತ್ತಿ ಬರುವ ನೇಗಿಲ ಕುದುರೆಗಳು ಅಂತೆಲ್ಲ ಕೊಂಡಾಡಿದ. ಅವನ ಮನೆತನದ ಕಸುಬು ಏನು ಗೊತ್ತೆ? ಕಬ್ಬಿಣದ ಕಾರ್ಖಾನೆ. ಅವನು ಭಾಷಣ ಮಾಡುವುದಕ್ಕೆ ಎಪ್ಪತ್ತು ವರ್ಷ ಮುಂಚೆಯೇ, 1851ರ ಜನಗಣತಿ ಹೊತ್ತಿಗೆ, ಅಲ್ಲಿನ ಅರ್ಧಕ್ಕಿಂತ ಹೆಚ್ಚು ಜನ ಪಟ್ಟಣ ಸೇರಿದ್ದರು.

ಹಳ್ಳಿ ಬಿಟ್ಟು ಅವರು ಯಾಕೆ ಹೋದರು? ಕಾರ್ಖಾನೆಯ ಕೂಲಿಯ ಆಸೆ ಒಂದು ಕಾರಣ. ಹಲವರ ಪಾಲಿಗೆ ಇನ್ನೊಂದು ಕಾರಣವಿತ್ತು.

ಅಲ್ಲೂ ನಮ್ಮ ಗೋಮಾಳದಂಥ ಜಮೀನು ಇತ್ತು. ‘ಕಾಮನ್ಸ್’ ಅನ್ನುತ್ತಿದ್ದರು. ದಾಖಲೆಯಲ್ಲಿ ಒಡೆಯ ಯಾರೇ ಇರಲಿ, ಅಲ್ಲಿ ದನ ಮೇಯಿಸುವ, ಸೌದೆ ಆಯುವ, ಬಾತುಕೋಳಿ ಬಿಡುವ ಹಕ್ಕು ಊರವರಿಗಿತ್ತು. ಒಂದು ಹಸು, ನಾಲ್ಕು ಕೋಳಿ, ಒಂದು ಹೊರೆ ಸೌದೆ ಇದ್ದರೆ ಬಡವ ಪೂರಾ ಕೂಲಿಗೆ ಬೀಳುತ್ತಿರಲಿಲ್ಲ. ಆ ಜಮೀನಿಗೆ ಬೇಲಿ ಬಿತ್ತು. 1604ರಿಂದ 1914ರವರೆಗೆ ಪಾರ್ಲಿಮೆಂಟು 5,200ಕ್ಕೂ ಹೆಚ್ಚು ಬೇಲಿ ಕಾನೂನುಗಳನ್ನು ಮಾಡಿತು. ಸುಮಾರು 68 ಲಕ್ಷ ಎಕರೆ ಹೀಗೆ ಒಬ್ಬೊಬ್ಬರ ಪಾಲಾಯಿತು. ಪಾರ್ಲಿಮೆಂಟಿನಲ್ಲಿ ಕೂತಿದ್ದವರು ಯಾರು? ಅದೇ ಜಮೀನ್ದಾರರು. ಅರ್ಜಿ ಹಾಕಿದವರೂ ಅವರೇ, ತೀರ್ಪು ಕೊಟ್ಟವರೂ ಅವರೇ. ಸರ್ವೆ ಮಾಡಿಸಿ, ನಕ್ಷೆ ಬರೆಸಿ, ಎಲ್ಲವನ್ನೂ ಕಾನೂನು ಪ್ರಕಾರವೇ ಮಾಡಿದರು. ಹಕ್ಕಿಗೆ ಕಾಗದ ಇಲ್ಲದವನ ಕೈಗೆ ಹೆಚ್ಚಿನ ಕಡೆ ಏನೂ ಸಿಗಲಿಲ್ಲ. ಈ ಕಥೆ ಎಲ್ಲೋ ಕೇಳಿದ ಹಾಗಿದೆಯಲ್ಲವೆ?

ಹಳ್ಳಿಗರು ಸುಮ್ಮನಿರಲಿಲ್ಲ. 1549ರಲ್ಲಿ ನಾರ್ಫೋಕ್ ಸೀಮೆಯಲ್ಲಿ ಜನ ಬೇಲಿ ಕಿತ್ತರು. ರಾಬರ್ಟ್ ಕೆಟ್ ಎಂಬ ಉಳ್ಳವನ ಬೇಲಿಗೂ ಬಂದರು. ಅವನು ಜನರ ಮಾತು ಕೇಳಿ, ತನ್ನ ಬೇಲಿಯನ್ನು ತಾನೇ ಕಿತ್ತು, ಅವರ ಮುಂದಾಳಾದ. ಸಾವಿರಾರು ಜನ ನಾರ್ವಿಚ್ ಪಟ್ಟಣದ ಹೊರಗೆ ಬೀಡು ಬಿಟ್ಟರು. ಸರ್ಕಾರ ಸೈನ್ಯ ಕಳಿಸಿ ತುಳಿಯಿತು, ಕೆಟ್‌ನನ್ನು ನಾರ್ವಿಚ್ ಕೋಟೆಗೆ ನೇಣು ಹಾಕಿತು.

1830ರಲ್ಲಿ ದಕ್ಷಿಣದ ಜಿಲ್ಲೆಗಳಲ್ಲಿ ಕೂಲಿಗಳು ಎದ್ದರು. ಚಳಿಗಾಲದಲ್ಲಿ ಅವರ ಹೊಟ್ಟೆ ತುಂಬಿಸುತ್ತಿದ್ದದ್ದು ಒಕ್ಕಣೆ ಕೆಲಸ. ಆ ಕೆಲಸಕ್ಕೆ ಯಂತ್ರ ಬಂತು. ಅವರು ಯಂತ್ರ ಒಡೆದರು, ಬಣವೆಗೆ ಬೆಂಕಿ ಇಟ್ಟರು. 19 ಮಂದಿಯನ್ನು ನೇಣಿಗೆ ಹಾಕಿದರು, 400ಕ್ಕೂ ಹೆಚ್ಚು ಜನರನ್ನು ಹಡಗು ಹತ್ತಿಸಿ ಆಸ್ಟ್ರೇಲಿಯಾ ಕಡೆಗೆ ಗಡೀಪಾರು ಮಾಡಿದರು. ಇನ್ನು ಮೂರು ವರ್ಷಕ್ಕೆ, 1833ರಲ್ಲಿ, ಡಾರ್ಸೆಟ್ ಸೀಮೆಯ ಟಾಲ್‌ಪಡಲ್ ಎಂಬ ಹಳ್ಳಿಯ ಆರು ಮಂದಿ ಕೂಲಿಗಳು ಸಂಘ ಕಟ್ಟಿದರು. ಕೂಲಿ ಕಡಿಮೆ ಮಾಡಬೇಡಿ ಅನ್ನುವುದಷ್ಟೇ ಅವರ ಬೇಡಿಕೆ. ಗುಟ್ಟಾಗಿ ಪ್ರಮಾಣ ಮಾಡಿದ್ದು ಅಪರಾಧ ಅಂತ ಏಳು ವರ್ಷ ಗಡೀಪಾರು. ಲಂಡನ್ನಿನಲ್ಲಿ ಜನ ಬೀದಿಗಿಳಿದು ಗಲಾಟೆ ಮಾಡಿದ ಮೇಲೆ 1836ರಲ್ಲಿ ಕ್ಷಮಾದಾನ ಸಿಕ್ಕಿತು.

ಈಗ ಒಂದು ಹೋಲಿಕೆ ನೋಡಿ. ಜಾನ್ ಕಾನ್‌ಸ್ಟೆಬಲ್ ಎಂಬ ಕಲಾವಿದ 1821ರಲ್ಲಿ ಸಫೋಕ್ ಸೀಮೆಯ ಒಂದು ಹೊಳೆಯ ಚಿತ್ರ ಬರೆದ. ನೀರಿನಲ್ಲಿ ನಿಂತ ಖಾಲಿ ಹುಲ್ಲುಗಾಡಿ, ಪಕ್ಕದಲ್ಲಿ ಮನೆ, ಮೇಲೆ ಮೋಡ. ‘ಹೇ ವೇನ್’ ಅಂತ ಅದರ ಹೆಸರು. ಅದಕ್ಕಿಂತ ಇಂಗ್ಲಿಷ್ ಆದ ಚಿತ್ರ ಇಲ್ಲ ಅನ್ನುತ್ತಾರೆ. ಕ್ಯಾಲೆಂಡರು, ಬಿಸ್ಕತ್ತಿನ ಡಬ್ಬ, ಎಲ್ಲದರ ಮೇಲೂ ಬಂದಿದೆ. ಅದನ್ನು ಬರೆದ ಮರುವರ್ಷವೇ ಆ ಪೂರ್ವ ಸೀಮೆಯ ಕೂಲಿಗಳು ಹಸಿವಿಗೆ ಯಂತ್ರ ಮುರಿಯುತ್ತಿದ್ದರು. ಕಾನ್‌ಸ್ಟೆಬಲ್ ಗಿರಣಿ ಮಾಲೀಕನ ಮಗ. ಚಿತ್ರ ಚೆನ್ನಾಗಿದೆ, ಇಲ್ಲ ಅನ್ನುವುದಿಲ್ಲ. ಆದರೆ ಅದರಲ್ಲಿ ಹಸಿವು ಇಲ್ಲ.

ಅದೇ ಕಾಲಕ್ಕೆ ಜಾನ್ ಕ್ಲೇರ್ ಎಂಬ ಕವಿ ಇದ್ದ. ಕೂಲಿಯವನ ಮಗ, ತಾನೂ ಕೂಲಿ. ಅವನ ಊರು ಹೆಲ್ಪ್‌ಸ್ಟನ್. 1809ರ ಕಾನೂನಿನಿಂದ ಆ ಊರಿನ ಬಯಲಿಗೆ ಬೇಲಿ ಬಿತ್ತು. ಬಾಲ್ಯದಲ್ಲಿ ಓಡಾಡಿದ ದಾರಿ ಮುಚ್ಚಿದ್ದು, ಮರ ಕಡಿದದ್ದು, ‘ಪ್ರವೇಶವಿಲ್ಲ’ ಎಂಬ ಬೋರ್ಡು ಬಿದ್ದದ್ದು, ಎಲ್ಲವನ್ನೂ ಬರೆದ. 1820ರಲ್ಲಿ ಮೊದಲ ಪುಸ್ತಕ ಬಂದಾಗ ಅದರ ಮೇಲೆ ಅವನ ಹೆಸರಿನ ಜೊತೆಗೆ ‘ರೈತಾಪಿ’ ಎಂದು ಅಚ್ಚು ಹಾಕಿದರು. ಅವನ ಹಳ್ಳಿ ಮಾತನ್ನು ಪ್ರಕಾಶಕ ತಿದ್ದಿದ. ಸ್ವಲ್ಪ ದಿನ ಪಟ್ಟಣದವರಿಗೆ ಅವನೊಂದು ಬೆರಗು, ಆಮೇಲೆ ಮರೆತರು. 1864ರಲ್ಲಿ ಹುಚ್ಚಾಸ್ಪತ್ರೆಯಲ್ಲಿ ಸತ್ತ. ಗಾಡಿಯ ಚಿತ್ರ ಬಿಸ್ಕತ್ತಿನ ಡಬ್ಬಕ್ಕೆ ಹೋಯಿತು. ಗಾಡಿ ಹೊಡೆಯುವವನ ಮಾತಿಗೆ ತಿದ್ದುಪಡಿ ಆಯಿತು.

ರಾಬಿನ್ ಹುಡ್‌ಗೆ ಬಂದ ಜಮೀನ್ದಾರಿಕೆ

ರಾಬಿನ್ ಹುಡ್ ಕಥೆ ನಿಮಗೆ ಗೊತ್ತು. ಕಾಡಲ್ಲಿದ್ದು ಉಳ್ಳವರಿಂದ ಕಿತ್ತು ಇಲ್ಲದವರಿಗೆ ಕೊಟ್ಟವನು. ಹಳೆಯ ಲಾವಣಿಗಳಲ್ಲಿ ಅವನು ಸಾಧಾರಣ ಮನೆತನದವನು. 1598ರ ಹೊತ್ತಿಗೆ ಲಂಡನ್ನಿನ ನಾಟಕಕಾರನೊಬ್ಬ ಅವನನ್ನು ಜಮೀನು ಕಳಕೊಂಡ ದೊಡ್ಡ ಪ್ರಭುವನ್ನಾಗಿ ಮಾಡಿಬಿಟ್ಟ. ಆಮೇಲೆ ಬಂದ ಎಷ್ಟೋ ಕಥೆಗಳಲ್ಲಿ, ಸಿನಿಮಾಗಳಲ್ಲಿ ಅವನು ಪ್ರಭುವೇ. ಬಡವರಿಗೆ ನ್ಯಾಯ ಕೊಡಿಸಲೂ ಒಬ್ಬ ದೊಡ್ಡಮನೆಯವನೇ ಬೇಕು ಅನ್ನುವ ಹಾಗೆ.

ಇನ್ನು ಬಂಗಲೆಗಳ ಕಥೆ. ‘ಡೌನ್‌ಟನ್ ಅಬಿ’ ಎಂಬ ಧಾರಾವಾಹಿಯನ್ನು ಪ್ರಪಂಚವೆಲ್ಲ ನೋಡಿತು. ದೊಡ್ಡ ಬಂಗಲೆ, ಮೇಲೆ ಒಡೆಯರು, ಕೆಳಗೆ ಆಳುಗಳು, ಎಲ್ಲರೂ ಸುಖವಾಗಿ. ಇಂಥ ಬಂಗಲೆಗಳಲ್ಲಿ ಹಲವಕ್ಕೆ ದುಡ್ಡು ಎಲ್ಲಿಂದ ಬಂತು? ಹಳೆಯ ಕಾದಂಬರಿಗಳೇ ಬಾಯಿಬಿಟ್ಟಿವೆ. ಜೇನ್ ಆಸ್ಟೆನ್ ಅವರ ‘ಮ್ಯಾನ್ಸ್‌ಫೀಲ್ಡ್ ಪಾರ್ಕ್’ನ ಯಜಮಾನನಿಗೆ ಆಂಟಿಗುವ ದ್ವೀಪದಲ್ಲಿ ಆಸ್ತಿ. ಅಲ್ಲಿ ಗುಲಾಮರು ಕಬ್ಬು ಬೆಳೆಯುತ್ತಿದ್ದ ಕಾಲ ಅದು. ವಿಲ್ಕಿ ಕಾಲಿನ್ಸ್ 1868ರಲ್ಲಿ ಬರೆದ ‘ಮೂನ್‌ಸ್ಟೋನ್’ ಇಂಗ್ಲಿಷ್ ಪತ್ತೇದಾರಿ ಕಾದಂಬರಿಗಳಿಗೆಲ್ಲ ಅಜ್ಜ ಇದ್ದ ಹಾಗೆ. ಅದು ಶುರುವಾಗುವುದು ಎಲ್ಲಿ ಗೊತ್ತೆ? ನಮ್ಮ ಶ್ರೀರಂಗಪಟ್ಟಣದಲ್ಲಿ, 1799ರ ಲೂಟಿಯಲ್ಲಿ. ಕೋಟೆಯಲ್ಲಿ ಕೊಲೆ ಮಾಡಿ ಕದ್ದ ವಜ್ರ ಯಾರ್ಕ್‌ಶೈರಿನ ಹಳ್ಳಿ ಬಂಗಲೆಗೆ ಉಡುಗೊರೆಯಾಗಿ ಬರುತ್ತದೆ, ಆ ಮನೆಯ ನೆಮ್ಮದಿ ಕೆಡುತ್ತದೆ. ಅದು ಕಟ್ಟುಕಥೆ, ನಿಜ. ಆದರೆ ಟಿಪ್ಪುವಿನ ಮರದ ಹುಲಿ ಇವತ್ತಿಗೂ ಲಂಡನ್ನಿನ ವಿಕ್ಟೋರಿಯ ಆಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿದೆ. ಅದು ಕಟ್ಟುಕಥೆ ಅಲ್ಲ.

ಹಳೆಯ ಬಂಗಲೆಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್ ಎಂಬ ಸಂಸ್ಥೆ 2020ರಲ್ಲಿ ಒಂದು ವರದಿ ಕೊಟ್ಟಿತು. ತನ್ನ ಕೈಯಲ್ಲಿರುವ ಆಸ್ತಿಗಳಲ್ಲಿ 93ಕ್ಕೆ ವಸಾಹತು ಆಳ್ವಿಕೆಯ ಜೊತೆಗೋ ಗುಲಾಮಗಿರಿಯ ಜೊತೆಗೋ ನಂಟಿದೆ ಅಂತ. ಯಾವ ಬಂಗಲೆಯನ್ನೂ ಕೆಡವಿ ಅನ್ನಲಿಲ್ಲ, ಲೆಕ್ಕ ಹೇಳಿತು ಅಷ್ಟೆ. ‘ನಮ್ಮ ಇತಿಹಾಸಕ್ಕೆ ಮಸಿ ಬಳಿದರು’ ಅಂತ ದೊಡ್ಡ ಗದ್ದಲವೇ ಆಯಿತು. ಲೆಕ್ಕ ಕೇಳಿದವನೇ ಕಳ್ಳ ಅನ್ನೋದು ನಮ್ಮ ಪಂಚಾಯಿತಿ ವರದಿಗಾರಿಕೆಯಲ್ಲಿ ನಾವೂ ಕಂಡಿರುವ ಆಟವೇ.

ಗೆದ್ದಾಗ ನಮ್ಮವನು, ಸೋತಾಗ?

ಕ್ರಿಕೆಟ್ ಇಲ್ಲದೆ ನಮ್ಮ ಓದುಗರಿಗೆ ಯಾವ ಮಾತೂ ರುಚಿಸುವುದಿಲ್ಲ. 2019ರ ಜುಲೈ 14, ಲಾರ್ಡ್ಸ್ ಮೈದಾನ, ವಿಶ್ವಕಪ್ ಫೈನಲ್. ಇಂಗ್ಲೆಂಡ್ ಗೆದ್ದದ್ದು ಸೂಪರ್ ಓವರ್ ಆದ ಮೇಲೆ. ಕ್ಯಾಪ್ಟನ್ ಇಯಾನ್ ಮಾರ್ಗನ್, ಐರ್ಲೆಂಡಿನ ಡಬ್ಲಿನ್‌ನವರು. ಪಂದ್ಯ ಉಳಿಸಿದ ಬೆನ್ ಸ್ಟೋಕ್ಸ್ ಹುಟ್ಟಿದ್ದು ಎದುರಾಳಿ ನ್ಯೂಜಿಲೆಂಡಿನಲ್ಲೇ. ಆ ಸೂಪರ್ ಓವರ್ ಎಸೆದ ಜೋಫ್ರಾ ಆರ್ಚರ್ ಬಾರ್ಬಡೋಸ್‌ನಲ್ಲಿ ಹುಟ್ಟಿದವರು. ಸ್ಪಿನ್ ಹಾಕಿದ ಆದಿಲ್ ರಶೀದ್ ಅವರ ಹಿರಿಯರು ಪಾಕಿಸ್ತಾನದ ಕಡೆಯವರು. ಅದಕ್ಕೂ ಹಿಂದೆ ಇಂಗ್ಲೆಂಡ್ ಟೆಸ್ಟ್ ತಂಡದ ಕ್ಯಾಪ್ಟನ್ ಆಗಿದ್ದ ನಾಸಿರ್ ಹುಸೇನ್ ಹುಟ್ಟಿದ್ದು ಮದ್ರಾಸಿನಲ್ಲಿ. ಅವತ್ತು ಲಾರ್ಡ್ಸ್‌ನಲ್ಲಿ ಕುಣಿದವರು ಯಾರೂ ಹುಟ್ಟಿದ ಊರು ಕೇಳಲಿಲ್ಲ.

ಎರಡು ವರ್ಷ ಆಯಿತು. 2021ರ ಜುಲೈ 11, ಯುರೋ ಕಪ್ ಫುಟ್‌ಬಾಲ್ ಫೈನಲ್, ಇಟಲಿ ಎದುರು ಪೆನಾಲ್ಟಿ. ಮಾರ್ಕಸ್ ರಾಶ್‌ಫೋರ್ಡ್, ಜೇಡನ್ ಸಾಂಚೊ, ಬುಕಾಯೊ ಸಾಕಾ, ಈ ಮೂವರು ಒದ್ದ ಚೆಂಡು ಗೋಲಾಗಲಿಲ್ಲ. ಮೂವರೂ ಕಪ್ಪು ಹುಡುಗರು, ಮೂವರೂ ಇಂಗ್ಲೆಂಡಿನಲ್ಲೇ ಹುಟ್ಟಿದವರು. ಆ ರಾತ್ರಿ ಅವರ ಫೋನಿಗೆ ಬಂದ ಬೈಗುಳವನ್ನು ಇಲ್ಲಿ ಬರೆಯಲಾಗದು. ಅಲ್ಲಿ ಗೆದ್ದಾಗ ಹೊರಗೆ ಹುಟ್ಟಿದವನೂ ನಮ್ಮವನು. ಇಲ್ಲಿ ಸೋತಾಗ ಒಳಗೆ ಹುಟ್ಟಿದವನೂ ಪರದೇಶಿ.

2024ರ ಜುಲೈ 29ರಂದು ಸೌತ್‌ಪೋರ್ಟ್ ಎಂಬ ಊರಿನಲ್ಲಿ ಮೂವರು ಪುಟ್ಟ ಹೆಣ್ಣುಮಕ್ಕಳ ಕೊಲೆಯಾಯಿತು. ಕೊಂದವನು ಆಶ್ರಯ ಕೇಳಿ ಬಂದ ಮುಸ್ಲಿಂ ಅಂತ ಮೊಬೈಲುಗಳಲ್ಲಿ ಸುಳ್ಳು ಹಬ್ಬಿತು. ಅವನು ಹುಟ್ಟಿದ್ದು ವೇಲ್ಸ್‌ನ ಕಾರ್ಡಿಫ್‌ನಲ್ಲಿ. ನಿಜ ತಿಳಿಯುವಷ್ಟರಲ್ಲಿ ಮಸೀದಿ ಮೇಲೆ ಕಲ್ಲು ಬಿದ್ದಿತ್ತು. ಮುಂದಿನ ದಿನಗಳಲ್ಲಿ ಹಲವು ಊರುಗಳಲ್ಲಿ ಗಲಭೆ, ವಲಸಿಗರನ್ನು ಇರಿಸಿದ್ದ ಹೋಟೆಲುಗಳ ಮೇಲೆ ದಾಳಿ. ಒಂದು ಫಾರ್ವರ್ಡ್ ಮೆಸೇಜು ಏನು ಮಾಡಬಲ್ಲದು ಅಂತ ನಿಮಗೆ ನಾವು ಬಿಡಿಸಿ ಹೇಳಬೇಕಿಲ್ಲ.

2025ರ ಬೇಸಿಗೆಯಲ್ಲಿ ಇಂಗ್ಲೆಂಡಿನ ಎಷ್ಟೋ ಊರುಗಳಲ್ಲಿ ಕಂಬ ಕಂಬಕ್ಕೂ ಬಾವುಟ ಕಟ್ಟಿದ ಹಿನ್ನೆಲೆಯಲ್ಲಿ ಇದೆಲ್ಲ ಇದೆ. ಕಟ್ಟಿದವರೆಲ್ಲ ದ್ವೇಷದಿಂದಲೇ ಕಟ್ಟಿದರು ಅನ್ನುವುದಿಲ್ಲ. ನಾಡಿನ ಮೇಲಿನ ಪ್ರೀತಿಯಿಂದ ಕಟ್ಟಿದವರೂ ಇದ್ದಾರೆ. ಆದರೆ ಅದೇ ಬೀದಿಯ ಮೂರನೇ ಮನೆಯಲ್ಲಿ ಸಾಕಾನಂಥ ಹುಡುಗನೊಬ್ಬ ಇದ್ದರೆ, ಬೆಳಿಗ್ಗೆ ಎದ್ದು ಆ ಬಾವುಟ ನೋಡಿ ಅವನಿಗೆ ಏನನ್ನಿಸುತ್ತದೆ? ವಿಡಿಯೊ ಮಾಡಿದವರು ಆ ಮನೆಯ ಬಾಗಿಲು ತಟ್ಟಲಿಲ್ಲ.

ಹಾಗಾದರೆ ಇಂಗ್ಲಿಷರಿಗೆ ಗುರುತೇ ಇಲ್ಲವೆ?

ಇದೆ. ಈ ಪ್ರಶ್ನೆ ನ್ಯಾಯವಾದದ್ದು, ತಪ್ಪಿಸಿಕೊಳ್ಳುವುದಿಲ್ಲ.

ಅವರ ಬೇಗುದಿಯಲ್ಲೂ ನಿಜ ಇದೆ. ಸ್ಕಾಟ್ಲೆಂಡಿಗೆ ತನ್ನದೇ ಪಾರ್ಲಿಮೆಂಟಿದೆ, ವೇಲ್ಸ್‌ಗೂ ಉತ್ತರ ಐರ್ಲೆಂಡಿಗೂ ಶಾಸನಸಭೆಗಳಿವೆ. ಇಂಗ್ಲೆಂಡಿಗೆಂದೇ ಬೇರೆಯದು ಇಲ್ಲ. ಫುಟ್‌ಬಾಲ್ ಪಂದ್ಯದಲ್ಲಿ ಹಾಡಲು ಅವರದೇ ನಾಡಗೀತೆಯೂ ಇಲ್ಲ, ಇಡೀ ಬ್ರಿಟನ್ನಿನ ರಾಜಗೀತೆಯನ್ನೇ ಹಾಡುತ್ತಾರೆ. ಗಣಿ, ಗಿರಣಿ ಮುಚ್ಚಿದ ಉತ್ತರದ ಊರುಗಳಲ್ಲಿ ಕೆಲಸ ಹೋದವರ ನೋವು ಸುಳ್ಳಲ್ಲ. ಆದರೆ ಆ ಗಿರಣಿ ಮುಚ್ಚಿದ್ದು ಪಕ್ಕದ ಮನೆಯ ಬಾಂಗ್ಲಾದೇಶದವನಲ್ಲ. ಬೇಲಿ ಹಾಕಿದವನ ಮೇಲಿನ ಸಿಟ್ಟನ್ನು ಬೇಲಿಯಾಚೆ ನಿಂತ ಇನ್ನೊಬ್ಬ ಬಡವನ ಕಡೆ ತಿರುಗಿಸುವುದು ಹಳೆಯ ವಿದ್ಯೆ.

ಇನ್ನು ಗುರುತು ಎಷ್ಟು ಗಟ್ಟಿ ಅನ್ನುವುದಕ್ಕೆ ಒಂದು ಲೆಕ್ಕ. 2011ರ ಜನಗಣತಿಯಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್ ಸೇರಿ ಶೇ. 57.7 ಜನ ‘ನಾನು ಇಂಗ್ಲಿಷ್ ಮಾತ್ರ’ ಅಂದರು. 2021ರಲ್ಲಿ ಹಾಗಂದವರು ಶೇ. 14.9. ‘ಬ್ರಿಟಿಷ್ ಮಾತ್ರ’ ಅಂದವರು ಶೇ. 19.1ರಿಂದ ಶೇ. 54.8ಕ್ಕೆ ಏರಿದರು. ಹತ್ತು ವರ್ಷದಲ್ಲಿ ಏನು ಭೂಕಂಪ ಆಯಿತು? ಬದಲಾದದ್ದು ಬಹುಪಾಲು ಫಾರಂ. ಇಂಗ್ಲೆಂಡಿನ ಫಾರಂನಲ್ಲಿ ಮೊದಲು ‘ಇಂಗ್ಲಿಷ್’ ಎಂಬ ಚೌಕ ಮೇಲಿತ್ತು, ಈ ಸಲ ‘ಬ್ರಿಟಿಷ್’ ಮೇಲೆ ಬಂತು. ಜನ ಮೊದಲು ಕಂಡ ಚೌಕಕ್ಕೆ ಗುರುತು ಹಾಕಿ ಎದ್ದರು. ಸಾವಿರ ವರ್ಷದ ಅಪ್ಪಟ ರಕ್ತ ಅನ್ನುವುದು ಫಾರಂನ ಚೌಕ ಮೇಲೆ ಕೆಳಗೆ ಆದರೆ ಅಲ್ಲಾಡುತ್ತದೆ. ಹೆಚ್ಚಿನವರು ಇದನ್ನು ತಲೆ ಮೇಲೆ ಹೊತ್ತು ತಿರುಗುತ್ತಿಲ್ಲ ಅನ್ನುವುದು ಒಳ್ಳೆಯ ಸುದ್ದಿಯೇ.

ನಮಗೆ ಗೌರವ ಇರುವ ಇಂಗ್ಲಿಷ್‌ತನ ಬೇರೆ ಇದೆ. ತನ್ನ ಬೇಲಿ ತಾನೇ ಕಿತ್ತ ಕೆಟ್‌ನದು. ಅವನನ್ನು ನೇಣು ಹಾಕಿದ ನಾರ್ವಿಚ್ ಕೋಟೆಯ ಗೋಡೆಗೆ ನಾನೂರು ವರ್ಷ ಕಳೆದ ಮೇಲೆ, 1949ರಲ್ಲಿ, ಊರಿನ ಜನ ಅವನ ಗೌರವಕ್ಕೆ ಕಲ್ಲು ಹಾಕಿಸಿದರು. ಟಾಲ್‌ಪಡಲ್‌ನ ಆರು ಕೂಲಿಗಳದು. ಅವರ ನೆನಪಿಗೆ ಇವತ್ತಿಗೂ ಪ್ರತಿ ಜುಲೈನಲ್ಲಿ ಆ ಹಳ್ಳಿಯಲ್ಲಿ ಜಾತ್ರೆಯಂತೆ ಜನ ಸೇರುತ್ತಾರೆ. 1932ರಲ್ಲಿ ಕಿಂಡರ್ ಸ್ಕೌಟ್ ಎಂಬ ಬೆಟ್ಟಕ್ಕೆ ಕಾವಲುಗಾರರನ್ನು ದಾಟಿ ಹತ್ತಿ, ‘ನಡೆದಾಡಲು ನಮಗೂ ಹಕ್ಕಿದೆ’ ಅಂತ ಜೈಲಿಗೆ ಹೋದ ಮ್ಯಾಂಚೆಸ್ಟರ್ ಕಡೆಯ ಹುಡುಗರದು. ಮತ್ತೆ, ಸೌತ್‌ಪೋರ್ಟ್‌ನಲ್ಲಿ ಕಲ್ಲು ಬಿದ್ದ ಮರುದಿನ ಇಟ್ಟಿಗೆ, ಗಾರೆ ತಂದು ಮಸೀದಿಯ ಗೋಡೆ ಕಟ್ಟಿಕೊಟ್ಟರಲ್ಲ, ಆ ಊರಿನ ಜನರದು. ಅವರೂ ಇಂಗ್ಲಿಷರೇ. ಅವರ ವಿಡಿಯೊ ನಮ್ಮ ಗುಂಪಿಗೆ ಬರಲಿಲ್ಲ.

ನಮಗ್ಯಾಕೆ ಊರ ಉಸಾಬರಿ?

ಯಾಕೆಂದರೆ ಆ ವಿಡಿಯೊ ನಮ್ಮ ಫೋನಿಗೆ ಬಂದಿದೆ. ನಾವು ಯಾರ ಪಕ್ಕ ನಿಲ್ಲಬೇಕು ಅಂತ ಹೇಳಿಕೊಡಲು ಬಂದಿದೆ. ಸಮುದ್ರದಾಚೆಗೆ ಕೆಲಸಕ್ಕೆ ಹೋದ ನಮ್ಮ ಊರುಗಳ ಮಕ್ಕಳಿದ್ದಾರೆ. ನರ್ಸ್ ಆಗಿ, ಸಾಫ್ಟ್‌ವೇರ್‌ನವರಾಗಿ, ಓದುವವರಾಗಿ ಆ ಬಾವುಟದ ಬೀದಿಗಳಲ್ಲೇ ಬಾಡಿಗೆಗಿದ್ದಾರೆ. ‘ನೋಡಿ ಕಲೀರಿ’ ಅಂತ ಫಾರ್ವರ್ಡ್ ಮಾಡುವ ಮುಂಚೆ ಅವರಿಗೊಂದು ಫೋನ್ ಮಾಡಿ, ಅಲ್ಲಿ ಸಂಜೆ ಹೊತ್ತು ಓಡಾಡಲು ಹೆದರಿಕೆ ಇದೆಯಾ ಅಂತ ಕೇಳಿ.

ಇನ್ನೂ ಒಂದು ಕಾರಣ. ಹಳ್ಳಿಯನ್ನು ಹೊಗಳುತ್ತಾ ಹಳ್ಳಿಗನನ್ನು ಬಿಟ್ಟುಬಿಡುವ ವ್ಯಾಪಾರ ಇಂಗ್ಲೆಂಡಿನಲ್ಲೇ ನಿಂತಿಲ್ಲ. ‘ಹಳ್ಳಿ ಸೊಗಡು’ ಅಂತ ರೆಸಾರ್ಟಿನವರು ಎತ್ತಿನಗಾಡಿ ನಿಲ್ಲಿಸಿ ಫೋಟೊ ಹೊಡೆಸುತ್ತಾರೆ. ವೇದಿಕೆ ಮೇಲೆ ‘ರೈತನೇ ದೇಶದ ಬೆನ್ನೆಲುಬು’ ಅನ್ನುತ್ತಾರೆ. ಅದೇ ಊರಿನ ಗೋಮಾಳ ಯಾರ ಹೆಸರಿಗೆ ಹೋಯಿತು ಅಂತ ಪಹಣಿ ತೆಗೆಸಿದವನಿಗೆ ಮಾತ್ರ ಗೊತ್ತು. ನಾಡು, ನುಡಿ, ಸಂಸ್ಕೃತಿ ಅಂತ ಯಾರಾದರೂ ಎದೆ ತಟ್ಟಿಕೊಂಡಾಗ ಎರಡು ಮಾತು ಕೇಳಿ: ಈ ಚಿತ್ರದಲ್ಲಿ ಕೂಲಿ ಎಲ್ಲಿದ್ದಾನೆ? ಜಮೀನು ಯಾರ ಹೆಸರಿನಲ್ಲಿದೆ?

ಆ ವಾಯ್ಸ್ ಮೆಸೇಜು ಕಳಿಸಿದ ಅಣ್ಣನಿಗೆ ನಾವು ಫೋನ್ ಮಾಡಿದೆವು. ಗೋಮಾಳಕ್ಕೆ ಬೇಲಿ ಬಿದ್ದ ಕಥೆ, ಟಾಲ್‌ಪಡಲ್ ಕೂಲಿಗಳ ಕಥೆ ಹೇಳಿದೆವು. ಸ್ವಲ್ಪ ಹೊತ್ತು ಸುಮ್ಮನಿದ್ದು, “ಅಲ್ಲೂ ಇದೇ ಕತೆಯಾ?” ಅಂದರು. ಆಮೇಲೆ ಅವರು ಕೇಳಿದ್ದು ಬಾವುಟದ ವಿಷಯ ಅಲ್ಲ. “ಅಣ್ಣಾ, ನಮ್ಮೂರ ಗೋಮಾಳದ ಸರ್ವೆ ನಕ್ಷೆ ಎಲ್ಲಿ ಸಿಗ್ತದೆ?”

ತಾಲ್ಲೂಕು ಕಚೇರಿಯ ಸರ್ವೆ ವಿಭಾಗಕ್ಕೆ ಅರ್ಜಿ ಕೊಡಿ ಅಂದಿದ್ದೇವೆ. ಮುಂದಿನ ಬರಹ ಅದರ ಮೇಲೆ.